ಹಾಲು ಅಳೆಯುವ ಹೊತ್ತು

ಬೆಳಗಿನ ಐದೂ ಮುಕ್ಕಾಲಿಗೆ ಡೈರಿಯ ಮುಂದೆ ಮೂರು ಕ್ಯಾನು ಬಂದು ಕೂತಿರುತ್ತವೆ. ತಂದಿಟ್ಟವರು ಕಾಣುವುದಿಲ್ಲ.

ತಿಪಟೂರಿನ ಕಡೆಯ ಹಳ್ಳಿ. ಮಾರ್ಗಶಿರದ ಮಂಜು ತೆಂಗಿನ ಮರಗಳ ಸೊಂಟದವರೆಗೆ ತುಂಬಿಕೊಂಡು, ಅದರ ಮೇಲೆ ಗರಿಗಳು ಮಾತ್ರ ಕಪ್ಪಗೆ ತೇಲುತ್ತಿರುತ್ತವೆ. ಹೊಲದ ಕಡೆಯಿಂದ ಅವರೆಯ ಸೊಗಡು ಬರುತ್ತದೆ. ಡೈರಿಯ ಹಿಂದಿನ ಹುಣಸೆಮರದ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿ ವಾಸವಾಗಿದೆ. ರಾತ್ರಿಯ ಕೊನೆಯ ಜಗಳವನ್ನು ಚಿರ್ರ್ ಚಿರ್ರ್ ಎಂದು ಮುಗಿಸಿ ಅವು ಒಳಗೆ ಸರಿದವೆಂದರೆ ಆರಕ್ಕೆ ಇನ್ನು ಹತ್ತು ನಿಮಿಷ. ಆಮೇಲೆ ಬಾಗಿಲ ಅಗುಳಿ ಸರಿಯುವ ಸದ್ದು, ಬಲ್ಬಿನ ಮಾಸಲು ಹಳದಿ ಬೆಳಕು, ತೂಕದ ಯಂತ್ರದ ಮೇಲೆ ಕೆಂಪಗೆ ಮೂಡುವ ಸೊನ್ನೆಗಳು.

ಈ ಡೈರಿ ನಡೆಸುವ ಹಾಲಿನ ಸಂಘಕ್ಕೆ ಬೇಕಾದ ಸಾಫ್ಟ್‌ವೇರ್ ಏನು ಮಾಡಬೇಕು, ಏನು ಮಾಡಬಾರದು ಎಂದು ಬರೆದುಕೊಡುವುದು ನನ್ನ ಕೆಲಸ. ನಮ್ಮ ವೃತ್ತಿಯಲ್ಲಿ ಅಂಥ ಒಂದೊಂದು ವಾಕ್ಯಕ್ಕೂ ರಿಕ್ವೈರ್‌ಮೆಂಟ್ ಎನ್ನುತ್ತಾರೆ. ಅವೆಲ್ಲ ಸೇರಿದ ಕಡತ ಎಸ್‌ಆರ್‌ಎಸ್. ಪ್ರೋಗ್ರಾಂ ಬರೆಯುವವರು ಹಳ್ಳಿಯನ್ನು ನೋಡಿರುವುದಿಲ್ಲ; ಅವರ ಪಾಲಿಗೆ ಹಳ್ಳಿ ಎಂದರೆ ಆ ಕಡತ. ಎರಡು ವರ್ಷದ ಹಿಂದೆ ಇಂಥದ್ದೇ ಇನ್ನೊಂದು ಊರಿನ ಕೆಲಸಕ್ಕೆ ನಾನು ಬೆಂಗಳೂರಿನ ಮೀಟಿಂಗ್ ರೂಮಿನಲ್ಲಿ ಮೂರು ದಿನ ಕೂತು, ಬಂದವರನ್ನು ಪ್ರಶ್ನೆ ಕೇಳಿ 42 ಅಂಶಗಳ ಪಟ್ಟಿ ಮಾಡಿದ್ದೆ. ಪಟ್ಟಿಯಲ್ಲಿದ್ದದ್ದೆಲ್ಲ ಸಾಫ್ಟ್‌ವೇರಿನಲ್ಲಿ ಬಂತು. ಒಂದು ತಿಂಗಳಲ್ಲಿ ಆ ಊರಿನವರು ಕಂಪ್ಯೂಟರಿಗೆ ಹಳೆಯ ಟವೆಲು ಹೊದಿಸಿ ನೋಟ್‌ಬುಕ್ಕಿಗೆ ಮರಳಿದ್ದರು. ಟವೆಲಿನ ಮೇಲೆ ಕೂತ ಧೂಳನ್ನು ನಾನೇ ಕಣ್ಣಾರೆ ಕಂಡೆ. ಏನು ಕಟ್ಟಬೇಕೆಂದು ಖಚಿತವಾಗಿ ತೀರ್ಮಾನಿಸುವುದೇ ಸಾಫ್ಟ್‌ವೇರಿನ ಕೆಲಸದಲ್ಲಿ ಅತಿ ಕಷ್ಟದ ಭಾಗ ಎಂದು ಫ್ರೆಡ್ ಬ್ರೂಕ್ಸ್ 1986ರಲ್ಲೇ ವಾದಿಸಿದ್ದರು. ಕಾಲೇಜಿನಲ್ಲಿ ಅದನ್ನು ಓದಿದ್ದೆ. ಅರ್ಥವಾಗಿದ್ದು ಆ ಟವೆಲಿನ ಮುಂದೆ ನಿಂತಾಗ.

ಅದಕ್ಕೇ ಈ ಸಲ ಹದಿನೈದು ದಿನ, ಬೆಳಗು ಸಂಜೆ ಎರಡೂ ಹೊತ್ತು ಬಂದು ಕೂತೆ. ಮೊದಲ ಎರಡು ದಿನ ಎದುರಿನ ಅರಳಿಕಟ್ಟೆಯ ಮೇಲೆ. ಮೂರನೆಯ ದಿನದಿಂದ ಒಳಗೆ, ಖಾಲಿ ಕ್ಯಾನುಗಳ ಪಕ್ಕದ ಸ್ಟೂಲಿನ ಮೇಲೆ. ಹಕ್ಕಿ ನೋಡುವ ಹವ್ಯಾಸ ನನಗೆ ಹಳೆಯದು. ಗೂಡಿನ ಹತ್ತಿರ ಹೋಗುವ ಕ್ರಮ ಅದರಿಂದ ಗೊತ್ತಿತ್ತು: ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ, ಒಂದೇ ಬಣ್ಣದ ಅಂಗಿ, ಕೈ ಹೆಚ್ಚು ಆಡಿಸದೆ. ಮೊದಲ ದಿನ ಎಲ್ಲರೂ ನನ್ನತ್ತ ನೋಡಿ ಹಾಲು ಸುರಿದರು. ನಾಲ್ಕನೆಯ ದಿನಕ್ಕೆ ನಾನು ಗೋಡೆಯ ಭಾಗವಾಗಿದ್ದೆ.

ಮೊದಲು ಬರೆದುಕೊಂಡದ್ದು ಕ್ಯಾನುಗಳ ಸಾಲಿನ ಬಗ್ಗೆ. ಬಂದವರು ಕ್ಯಾನು ಇಟ್ಟು ಕಟ್ಟೆಗೋ ಟೀ ಅಂಗಡಿಗೋ ಹೋಗುತ್ತಾರೆ. ನಿಲ್ಲುವುದು ಕ್ಯಾನು. ಸ್ಟೀಲಿನವು ಕೆಲವು, ಅಲ್ಯೂಮಿನಿಯಮ್ಮಿನವು ಹಲವು. ಒಂದರ ಹಿಡಿಗೆ ಕೆಂಪು ಸೀರೆಯ ಅಂಚನ್ನು ಸುತ್ತಿದೆ, ಒಂದರ ಹೊಟ್ಟೆ ಒಳಕ್ಕೆ ಕುಸಿದಿದೆ, ಒಂದಕ್ಕೆ ಮುಚ್ಚಳವಿಲ್ಲದೆ ತೆಂಗಿನ ಚಿಪ್ಪು. ಎಲ್ಲದರ ಮೈಮೇಲೂ ಪೇಂಟಿನಲ್ಲಿ ಸದಸ್ಯರ ನಂಬರು. ಸಾಲು ಮುಂದೆ ಸರಿಯುವಾಗ ಹತ್ತಿರ ಇದ್ದವರು ತಮ್ಮ ಕ್ಯಾನಿನ ಜೊತೆಗೆ ಪಕ್ಕದ ಎರಡನ್ನೂ ಸರಿಸುತ್ತಾರೆ. ಬಗ್ಗುವುದಿಲ್ಲ, ಕಾಲಿನ ಬದಿಯಿಂದ, ಹಾಲು ತುಳುಕದ ಹಾಗೆ, ಒಂದು ಗೇಣು. ಸಿಮೆಂಟಿನ ಮೇಲೆ ಲೋಹ ಜಾರುವ ಆ ಕಿರ್ ಸದ್ದು ಬಾಗಿಲಿನಿಂದ ಶುರುವಾಗಿ ಬೀದಿಯ ತಿರುವಿನವರೆಗೆ ಒಂದರ ಹಿಂದೊಂದು ಹರಿದು ಹೋಗುತ್ತದೆ. ಹದಿನೈದು ದಿನದಲ್ಲಿ ಸರದಿಯ ವಿಚಾರಕ್ಕೆ ಒಂದು ಮಾತೂ ಏರಲಿಲ್ಲ. ನನ್ನ ಹಳೆಯ ಪಟ್ಟಿಯಲ್ಲಿ ಟೋಕನ್ ಯಂತ್ರ ಎಂಬ ಒಂದು ಅಂಶವಿತ್ತು. ಅದನ್ನು ಹೊಡೆದು ಹಾಕಿದೆ. ಅಷ್ಟು ಚೆನ್ನಾಗಿ ನಡೆಯುತ್ತಿರುವುದರ ಮೇಲೆ ಯಂತ್ರದ ಕೈ ಬೀಳಬಾರದು.

ಹಾಲನ್ನು ಪರೀಕ್ಷಿಸುವ ಹುಡುಗನಿಗೆ ಇಪ್ಪತ್ತಾರು ವರ್ಷ. ಊರಿಗೆಲ್ಲ ಅವನು ಟೆಸ್ಟರ್. ಮುಚ್ಚಳ ತೆಗೆದೊಡನೆ ಕ್ಯಾನಿನ ಬಾಯಿಗೆ ಬಗ್ಗಿ ಮೂಸುತ್ತಾನೆ. ಅರೆಕ್ಷಣದ ಕೆಲಸ, ನೋಡುವವರಿಗೆ ಕತ್ತು ನೋವಿಗೆ ಬಗ್ಗಿದಂತೆ ಕಾಣಬೇಕು. ಆಮೇಲೆ ಉದ್ದ ಹಿಡಿಯ ಸೌಟನ್ನು ತಳಕ್ಕೆ ಇಳಿಸಿ ನೇರ ಮೇಲಕ್ಕೆ ಎತ್ತುತ್ತಾನೆ. ಮೂರು ಸಲ. ದೂರದ ತೋಟದ ಮನೆಯಿಂದ ಬಂದ ಹಾಲಾದರೆ ನಾಲ್ಕು. ಹಾಲು ಸ್ವಲ್ಪ ಹೊತ್ತು ನಿಂತರೂ ಜಿಡ್ಡು ಮೇಲೇರುತ್ತದೆ. ಮೇಲಿನದನ್ನೇ ಸ್ಯಾಂಪಲ್ ತೆಗೆದರೆ ಫ್ಯಾಟ್ ಹೆಚ್ಚು ಬರುತ್ತದೆ, ತಳದ್ದನ್ನು ತೆಗೆದರೆ ಕಡಿಮೆ. ಎಷ್ಟು ದೂರ ನಡೆದು ಬಂದ ಹಾಲು, ಎಷ್ಟು ಹೊತ್ತು ಸಾಲಿನಲ್ಲಿ ಕೂತಿತ್ತು ಎಂಬ ಲೆಕ್ಕ ಅವನ ಮಣಿಕಟ್ಟಿನಲ್ಲಿದೆ.

ಸೌಟು ಮೇಲೆ ಬಂದಾಗ ಅದರ ಒಳಗೋಡೆಯನ್ನು ನೋಡುತ್ತಾನೆ. ಎಮ್ಮೆಯ ಹಾಲು ಸುಣ್ಣದ ಬಿಳುಪು. ಪೊರೆ ದಪ್ಪಗೆ ಕಟ್ಟಿ, ಒಂದೇ ತೆರೆಯಾಗಿ ಸಾವಕಾಶ ಕೆಳಗಿಳಿಯುತ್ತದೆ. ಹಸುವಿನದು ಕೆನೆಬಣ್ಣ, ಒಳಗೊಂದು ಎಳೆ ಹಳದಿ. ಹಸಿಮೇವಿನ ಕ್ಯಾರೋಟಿನ್ ಹಸುವಿನ ಹಾಲಿಗೆ ಇಳಿದು ಆ ಹಳದಿ ಬರುತ್ತದೆ. ಎಮ್ಮೆಯ ಮೈ ಅದನ್ನು ಎ ಜೀವಸತ್ವವಾಗಿ ಮಾಡಿಕೊಳ್ಳುವುದರಿಂದ ಅದರ ಹಾಲಿಗೆ ಬಣ್ಣ ಬರುವುದಿಲ್ಲ. ನೀರು ಸೇರಿದ ಹಾಲು ಸೌಟಿನ ಅಂಚಿನಲ್ಲಿ ತೆಳು ನೀಲಿ ತೋರುತ್ತದೆ, ಗೋಡೆಯನ್ನು ಬೇಗ ಬಿಡುತ್ತದೆ. ಬಲ್ಬಿನ ಹಳದಿಯಲ್ಲಿ ಆ ನೀಲಿಯನ್ನು ಕಾಣಲು ನನಗೆ ಹನ್ನೊಂದು ದಿನ ಹಿಡಿಯಿತು.

ಕಡತದಲ್ಲಿ ಇದಕ್ಕೆ ಜಾಗವೆಲ್ಲಿ? ಸಾಫ್ಟ್‌ವೇರ್ ಮೂಸುವುದಿಲ್ಲ, ಸೌಟು ಎತ್ತುವುದಿಲ್ಲ. ಆದರೆ ಅದು ಅವನ ಕೈಯನ್ನು ಅವಸರಪಡಿಸಬಲ್ಲದು. ತೂಕವಾದ ಕೂಡಲೇ ಪರದೆ ಫ್ಯಾಟಿನ ಸಂಖ್ಯೆ ಕೇಳುತ್ತ ಮಿನುಗುತ್ತ ನಿಂತರೆ ಮೂರು ಸಲದ ಸೌಟು ಒಂದು ಸಲಕ್ಕೆ ಇಳಿಯುತ್ತದೆ. ಹಳೆಯ ಊರಿನಲ್ಲಿ ನಾನು ಬರೆದುಕೊಟ್ಟಿದ್ದು ಅಂಥದ್ದೇ. ತೂಕ, ಫ್ಯಾಟ್, ಚೀಟಿ ಒಂದೇ ಉಸಿರಿನಲ್ಲಿ ಆಗುತ್ತವೆ ಎಂದು ಭಾವಿಸಿದ್ದೆ.

ಅವು ಹಾಗೆ ಆಗುವುದಿಲ್ಲ. ಆರನೆಯ ಬೆಳಗು ಕೈಗಡಿಯಾರ ಹಿಡಿದು ಕೂತೆ. 6:05ಕ್ಕೆ ಮೊದಲ ಕ್ಯಾನು, 7:20ಕ್ಕೆ ಕೊನೆಯದು. ಒಟ್ಟು 118 ಜನ. ಸರಾಸರಿ 38 ಸೆಕೆಂಡಿಗೆ ಒಬ್ಬರು. ಫ್ಯಾಟ್ ನೋಡುವ ಯಂತ್ರ ಒಂದು ಸ್ಯಾಂಪಲ್ಲಿಗೆ 50 ಸೆಕೆಂಡು ತೆಗೆದುಕೊಳ್ಳುತ್ತದೆ. ಹೀಗೆ ಒಬ್ಬೊಬ್ಬರಿಗೂ 12 ಸೆಕೆಂಡು ಹಿಂದೆ ಬಿದ್ದು, ಮೂವತ್ತನೆಯವರ ಹೊತ್ತಿಗೆ ಅದು ಆರು ನಿಮಿಷ ತಡವಾಗಿರುತ್ತದೆ. ಅಲ್ಲಿಂದಾಚೆಗೆ ಯಾರೂ ಫ್ಯಾಟಿಗಾಗಿ ಕಾಯುವುದಿಲ್ಲ. ಮನೆಯಲ್ಲಿ ಮಕ್ಕಳು ಸ್ಕೂಲಿಗೆ ಹೊರಡಬೇಕು. ಸ್ಯಾಂಪಲ್ ಬಾಟಲಿಗಳು ಮರದ ಟ್ರೇಯಲ್ಲಿ ಎಡದಿಂದ ಬಲಕ್ಕೆ ಜಮೆಯಾಗುತ್ತವೆ. ಬೆಳಗಿನ ಚೀಟಿಯನ್ನು ಸಂಜೆ ಕೊಡುತ್ತಾರೆ, ಸಂಜೆಯದನ್ನು ಮಾರನೆಯ ಬೆಳಗು. ಯಾವ ಬಾಟಲಿ ಯಾರದೆಂಬುದು ಟ್ರೇಯ ಹಳ್ಳಗಳ ಕ್ರಮದಲ್ಲಿದೆ, ಒಂದು ಬಾಟಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಟೆಸ್ಟರ್ ಆಗಾಗ ಎಡಗೈಯ ತೋರುಬೆರಳನ್ನು ಟ್ರೇಯ ಒಂದು ಹಳ್ಳದ ಮೇಲೆ ಇಟ್ಟುಕೊಂಡೇ ಬಲಗೈಯಲ್ಲಿ ಬೇರೆ ಕೆಲಸ ಮಾಡುವುದನ್ನು ಅದುವರೆಗೆ ಗಮನಿಸಿದ್ದೆ, ಕಾರಣ ತಿಳಿದಿರಲಿಲ್ಲ. ಆ ಬೆರಳು, ಪರೀಕ್ಷೆ ಎಲ್ಲಿಯವರೆಗೆ ಬಂದಿದೆ ಎಂಬುದರ ಗುರುತು.

ಅವತ್ತು ರಾತ್ರಿ ಬರೆದೆ: ತೂಕದ ದಾಖಲೆಯೂ ಫ್ಯಾಟಿನ ದಾಖಲೆಯೂ ಬೇರೆ ಬೇರೆ ಹೊತ್ತಿನಲ್ಲಿ ಸೇರಲು ಅವಕಾಶವಿರತಕ್ಕದ್ದು. ಟ್ರೇಯ ಪ್ರತಿ ಹಳ್ಳಕ್ಕೂ ಒಂದು ಸಂಖ್ಯೆ ಇದ್ದು, ತೂಕವಾದಾಗ ಸದಸ್ಯರ ನಂಬರಿನ ಪಕ್ಕದಲ್ಲಿ ಅದು ಮೂಡತಕ್ಕದ್ದು. ಬೆರಳಿಗೆ ಬಿಡುವು ಸಿಗಲಿ ಎಂಬುದಷ್ಟೇ ನನ್ನ ಆಸೆ.

ಏಳೂವರೆಯ ಹೊತ್ತಿಗೆ ಬಿಸಿಲು ಹಂಚಿನ ಮಾಡಿನಿಂದ ಇಳಿದು ಬಾಗಿಲಿಗೆ ಬರುತ್ತದೆ. ನಲವತ್ತು ಲೀಟರಿನ ದೊಡ್ಡ ಕ್ಯಾನುಗಳನ್ನು ತುಂಬಿ ಹೊರಗೆ ಸಾಲಿಡುತ್ತಾರೆ. ಹದಿನೆಂಟು, ಕೆಲವು ದಿನ ಹದಿನೇಳು. ನೆಲ ತೊಳೆದ ನೀರು ಬೂದುಬಿಳಿಯಾಗಿ ಚರಂಡಿಗೆ ಹರಿದಾಗ ಒಂದು ಬೂದು ಕುಂಡೆಕುಸ್ಕ ಎಲ್ಲಿಂದಲೋ ಬಂದು ಇಳಿಯುತ್ತದೆ. ಹಿಮಾಲಯದ ತೊರೆಗಳನ್ನು ಬಿಟ್ಟು ಚಳಿಗಾಲಕ್ಕೆ ಇಳಿದು ಬಂದ ಹಕ್ಕಿ. ಹೊಟ್ಟೆಯ ಕೆಳಭಾಗ ನಿಂಬೆಹಳದಿ, ಬೆನ್ನು ಮಳೆಮೋಡದ ಬೂದು, ಬಾಲ ಒಂದು ಗಳಿಗೆಯೂ ನಿಲ್ಲದೆ ಮೇಲೆ ಕೆಳಗೆ. ಮೊದಲ ನೀರಿಗೆ ಅದು ಬರುವುದಿಲ್ಲ. ಎರಡನೆಯ ಬಕೆಟ್ಟಿಗೆ ನೊಣಗಳು ಏಳುತ್ತವೆ, ಆಗ ಬರುತ್ತದೆ. ಇದನ್ನೂ ನನ್ನ ನೋಟ್‌ಬುಕ್ಕಿನಲ್ಲೇ ಬರೆದಿದ್ದೇನೆ, ಟ್ರೇಯ ಪುಟದ ಅಂಚಿನಲ್ಲಿ.

ಎರಡು ಕ್ಯಾನು ತರುವ ಒಬ್ಬ ಹುಡುಗನಿದ್ದ. ಐದನೇ ಕ್ಲಾಸು. ಒಂದು ಕ್ಯಾನು ಅವನ ತಾಯಿಯ ನಂಬರಿನದು, ಇನ್ನೊಂದು ದೊಡ್ಡಮ್ಮನದು. ಒಂದು ಸಂಜೆ ಅವನು ನಂಬರುಗಳನ್ನು ಅದಲು ಬದಲಾಗಿ ಹೇಳಿದ. ತೂಕ ದಾಖಲಾಗಿ ಹೋಗಿತ್ತು. ಟೆಸ್ಟರ್ ಸೌಟು ಎತ್ತಿದವನು ಅಲ್ಲೇ ನಿಲ್ಲಿಸಿ, "ಇದು ಎಮ್ಮೆ ಹಾಲು ಕಣೋ, ನಿಮ್ಮ ದೊಡ್ಡಮ್ಮನದು" ಎಂದ. ಸಂಘದ ಕಾರ್ಯದರ್ಶಿಗಳು ಪುಸ್ತಕದಲ್ಲಿ ಎರಡೂ ಸಾಲಿಗೆ ಒಂದೊಂದು ಅಡ್ಡಗೆರೆ ಎಳೆದು, ಮೇಲೆ ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. ಗೆರೆಯ ಕೆಳಗೆ ಹಳೆಯ ಅಂಕಿ ಓದಲು ಬರುವಂತೆಯೇ ಇತ್ತು. ಬಿಳಿ ಶಾಯಿ ಹಚ್ಚಿ ಅಳಿಸುವುದನ್ನು ಅವರು ಒಂದು ಸಲವೂ ಮಾಡಲಿಲ್ಲ. ತಿದ್ದುಪಡಿ ಹೇಗಿರಬೇಕೆಂದು ನಾನು ಅವರನ್ನು ಕೇಳಿದ್ದರೆ "ತಿದ್ದಕ್ಕೆ ಬರಬೇಕು ಸಾರ್" ಎಂದಿಷ್ಟೇ ಹೇಳುತ್ತಿದ್ದರು. ಉಳಿದದ್ದನ್ನು ಆ ತೆಳು ಗೆರೆ ಹೇಳಿತು: ಹಳೆಯದು ಉಳಿಯಬೇಕು, ತಿದ್ದಿದವರು ಯಾರೆಂದು ಕಾಣಬೇಕು.

ಮುಚ್ಚಳದ ವಿಷಯ ನಾಲ್ಕನೆಯ ದಿನ ಕಣ್ಣಿಗೆ ಬಿತ್ತು. ಒಂದು ಕ್ಯಾನನ್ನು ಟೆಸ್ಟರ್ ದೊಡ್ಡ ಕ್ಯಾನಿಗೆ ಸುರಿಯದೆ ಮೇಜಿನ ಕೆಳಗೆ ಸರಿಸಿದ. ಮುಚ್ಚಳವನ್ನು ಬೋರಲಾಗಿ, ಒಳಮೈ ಮೇಲೆ ಬರುವಂತೆ ಅದರ ಬಾಯಿಯ ಮೇಲೆ ಇಟ್ಟ. ಕ್ಯಾನಿನ ಯಜಮಾನರು ಏನೂ ಕೇಳಲಿಲ್ಲ. ಗೋಡೆಯ ಹತ್ತಿರ ಹೋಗಿ ಬೀಡಿ ಹಚ್ಚಿದರು. ಏಳನೆಯ ದಿನ ಮತ್ತೆ ಹಾಗೇ ಆಯಿತು, ಬೇರೆಯವರ ಕ್ಯಾನು. ಒಂಬತ್ತನೆಯ ದಿನ ಎರಡು. ಪ್ರತಿ ಸಲವೂ ಸಾಲು ಮುಗಿದು ಜನ ಚದುರಿದ ಮೇಲೆ ಆ ಹಾಲನ್ನು ಇನ್ನೊಮ್ಮೆ ಪರೀಕ್ಷಿಸುತ್ತಿದ್ದರು. ಎರಡು ಸಲ ಹಾಲು ಸರಿಯಿದ್ದು ದೊಡ್ಡ ಕ್ಯಾನಿಗೆ ಹೋಯಿತು. ಎರಡು ಸಲ ಬಂದ ಹಾಗೇ ಮನೆಗೆ ಮರಳಿತು.

"ಮುಚ್ಚಳ ಯಾಕಪ್ಪ ಹಂಗೆ ಬೋರಲು ಹಾಕ್ತೀಯ?" ಎಂದು ಕೇಳಿದಾಗ ಅವನು ಮುಚ್ಚಳದ ಕಡೆಗೇ ನೋಡಿದ, ಈಗ ಕಂಡವನಂತೆ. "ಅದಾ ಸಾರ್... ಇನ್ನೊಂದ್ ಸಲ ನೋಡ್ಬೇಕು ಅಂತ. ಎಲ್ಲಾರ ಮುಂದೆ ಬಾಯಿಬಿಟ್ ಹೇಳಿದ್ರೆ ಅವ್ರು ಮುಖ ಎತ್ಕಂಡ್ ತಿರುಗಂಗಿಲ್ಲ."

ನಾನು ಮೊದಲ ದಿನ ಕಾರ್ಯದರ್ಶಿಗಳನ್ನೂ ಅವನನ್ನೂ ಕೂರಿಸಿಕೊಂಡು ಏನೇನು ಬೇಕೆಂದು ಕೇಳಿದ್ದೆ. ಏಳು ಅಂಶ ಹೇಳಿದ್ದರು. ಬೋರಲು ಮುಚ್ಚಳ ಅದರಲ್ಲಿರಲಿಲ್ಲ. ಅವರು ಬಚ್ಚಿಟ್ಟದ್ದಲ್ಲ. ನಡೆಯುವಾಗ ಯಾವ ಕಾಲು ಮೊದಲು ಎಂದು ಯಾರಾದರೂ ಹೇಳುತ್ತಾರೆಯೇ?

ಲಂಡನ್ನಿನ ಹೊರವಲಯದ ವಿಮಾನ ಸಂಚಾರ ನಿಯಂತ್ರಣ ಕೇಂದ್ರದಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು 1990ರ ಆಸುಪಾಸಿನಲ್ಲಿ ಹೀಗೇ ತಿಂಗಳುಗಟ್ಟಲೆ ಕೂತು ನೋಡಿದ್ದರು. ಅಲ್ಲಿ ಒಂದೊಂದು ವಿಮಾನಕ್ಕೂ ಒಂದೊಂದು ಕಾಗದದ ಪಟ್ಟಿ. ಪಟ್ಟಿಗಳನ್ನು ಹಲಗೆಯಲ್ಲಿ ಒಂದರ ಕೆಳಗೊಂದು ಜೋಡಿಸಿರುತ್ತಿದ್ದರು. ಗಮನ ಬೇಕಾದ ವಿಮಾನದ ಪಟ್ಟಿಯನ್ನು ನಿಯಂತ್ರಕರು ಕೈಯಿಂದ ಸ್ವಲ್ಪ ಹೊರಕ್ಕೆ ಎಳೆದು ಓರೆಯಾಗಿ ಬಿಡುತ್ತಿದ್ದರು. ಪಕ್ಕದಲ್ಲಿದ್ದವರಿಗೆ ಓರೆಯಾದ ಆ ಕಾಗದವೇ ಮಾತು. ಪಟ್ಟಿಗಳನ್ನು ಕಂಪ್ಯೂಟರಿಗೆ ಏರಿಸಿ ತಾನಾಗಿ ಜೋಡಿಸಿಬಿಟ್ಟರೆ ಕೈ ಮಾಡುತ್ತಿದ್ದ ಆ ಕೆಲಸ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. ನಮ್ಮ ವೃತ್ತಿಯಲ್ಲಿ ಕೂತು ನೋಡುವುದಕ್ಕೆ ಒಂದು ಮರ್ಯಾದೆ ಬಂದದ್ದರಲ್ಲಿ ಆ ಅಧ್ಯಯನದ ಪಾಲು ದೊಡ್ಡದು. ಬೋರಲು ಮುಚ್ಚಳ ಕಂಡ ದಿನ ನನಗೆ ಆ ಓರೆ ಕಾಗದ ನೆನಪಾಯಿತು.

ಮುಚ್ಚಳದ ಬಗ್ಗೆ ಬರೆದ ವಾಕ್ಯಗಳನ್ನು ಆರು ಸಲ ತಿದ್ದಿದ್ದೇನೆ. ಮರುಪರೀಕ್ಷೆಗೆ ಗುರುತು ಹಾಕಿದ ಹಾಲಿನ ಅಂಕಿ ಹೊರಗಿನ ದೊಡ್ಡ ಪರದೆಯ ಮೇಲೆ ಮೂಡತಕ್ಕದ್ದಲ್ಲ. ಸದ್ದು ಬರತಕ್ಕದ್ದಲ್ಲ, ಬಣ್ಣ ಬದಲಾಗತಕ್ಕದ್ದಲ್ಲ. ಎರಡನೆಯ ಪರೀಕ್ಷೆಯ ನಂತರ ಎರಡೂ ಅಂಕಿ ಉಳಿಯತಕ್ಕದ್ದು, ಸದಸ್ಯರು ಕೇಳಿದಾಗ ಎರಡನ್ನೂ ತೋರಿಸತಕ್ಕದ್ದು. ತಮ್ಮ ಹಾಲಿನ ಅಂಕಿ ನೋಡುವ ಹಕ್ಕು ಹಾಕಿದವರಿಗೆ ಪೂರ್ತಿಯಾಗಿ ಇರಬೇಕು, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಅನುಮಾನವನ್ನು ಊರಿಗೆ ತೋರಿಸುವ ಹಕ್ಕು ಯಂತ್ರಕ್ಕೆ ಇರಬಾರದು.

ಅಂಕಿಗಳೂ ಹತ್ತಿರದಿಂದ ನೋಡಿದರೆ ಬೇರೆಯೇ ಕಾಣುತ್ತವೆ. ಯಂತ್ರ ತೂಗುವುದು ಕಿಲೊದಲ್ಲಿ, ಹಣ ಕೊಡುವುದು ಲೀಟರಿಗೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೊ ತೂಗುತ್ತದೆ, ಆದ್ದರಿಂದ ತೂಕವನ್ನು 1.03ರಿಂದ ಭಾಗಿಸುತ್ತಾರೆ. ಐದು ಕಿಲೊ ಹಾಲು 4.854 ಲೀಟರ್. ಪುಸ್ತಕದಲ್ಲಿ ಬರೆಯುತ್ತಿದ್ದದ್ದು 4.8. ಕಾಲಂ ಕಿರಿದು, ಒಂದು ದಶಮಾಂಶಕ್ಕಷ್ಟೇ ಜಾಗ. ಅಲ್ಲಿಂದ ಬಂದ ಅಭ್ಯಾಸ, ಯಾರ ಮೋಸವೂ ಅಲ್ಲ. ಬಿಟ್ಟುಹೋದದ್ದು 0.054 ಲೀಟರ್, ಒಂದು ಒಳಲೆಗೆ ಆಗುವಷ್ಟು. ದಿನಕ್ಕೆರಡು ಹೊತ್ತಿನಂತೆ ವರ್ಷಕ್ಕೆ 730 ಸಲ ಬಿಟ್ಟರೆ ಒಂದೇ ಮನೆಯ ಲೆಕ್ಕದಲ್ಲಿ 39 ಲೀಟರ್.

ಎಸ್‌ಎನ್‌ಎಫ್ ಎನ್ನುವ ಜಿಡ್ಡೇತರ ಘನಾಂಶದ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಅದನ್ನು ಅಳೆಯುವ ಯಂತ್ರ ಕೆಟ್ಟ ದಿನ ಲ್ಯಾಕ್ಟೋಮೀಟರನ್ನು ಹಾಲಿನಲ್ಲಿ ಬಿಡುತ್ತಾರೆ. ಗಾಜಿನ ಆ ಬುರುಡೆ ಎರಡು ಸಲ ಮುಳುಗಿ ಎದ್ದು, ಮೈ ಅಲುಗಿಸಿ, ಸುತ್ತ ಒಂದು ನೊರೆಯ ಉಂಗುರ ಮಾಡಿಕೊಂಡು ನಿಲ್ಲುತ್ತದೆ. ನಿಂತ ಗೆರೆಗೆ ಊರಿನ ಮಾತಿನಲ್ಲಿ ಡಿಗ್ರಿ. ಉಷ್ಣತೆಗೆ ಸರಿಪಡಿಸಿದ ಡಿಗ್ರಿಯ ಕಾಲು ಭಾಗ, ಅದಕ್ಕೆ ಫ್ಯಾಟಿನ ಐದನೆಯ ಒಂದು ಭಾಗ, ಕೊನೆಗೆ ಒಂದು ಸಣ್ಣ ಸಂಖ್ಯೆ ಕೂಡಿಸಿದರೆ ಎಸ್‌ಎನ್‌ಎಫ್. ಆ ಸಣ್ಣ ಸಂಖ್ಯೆ ಎಲ್ಲ ಕಡೆ ಒಂದೇ ಅಲ್ಲ. ರಿಚ್ಮಂಡ್ ಎಂಬವರ ಹಳೆಯ ಸೂತ್ರದಲ್ಲಿ ಅದು 0.14, ನಮ್ಮ ಡೈರಿಗಳಲ್ಲಿ ಬಳಕೆಯಲ್ಲಿರುವ ಒಂದು ರೂಪದಲ್ಲಿ 0.36. ಡಿಗ್ರಿ 29, ಫ್ಯಾಟ್ 4.5 ಇರುವ ಹಾಲನ್ನು ತೆಗೆದುಕೊಂಡರೆ ಒಂದರಿಂದ 8.29 ಬರುತ್ತದೆ, ಇನ್ನೊಂದರಿಂದ 8.51. ಈ ಸಂಘ ಹಸುವಿನ ಹಾಲಿಗೆ ಇಟ್ಟುಕೊಂಡಿರುವ ಗೆರೆ 8.5. ಹಸು ಅದೇ, ಹುಲ್ಲು ಅದೇ, ಕರೆದ ಕೈ ಅದೇ. ಒಂದು ಸೂತ್ರದಲ್ಲಿ ಪೂರ್ತಿ ದರ, ಇನ್ನೊಂದರಲ್ಲಿ ಇಲ್ಲ. "ಎಸ್‌ಎನ್‌ಎಫ್ ಲೆಕ್ಕ ಹಾಕಬೇಕು" ಎಂದು ನನ್ನ ಹಳೆಯ ಪಟ್ಟಿಯಲ್ಲಿ ಮೂರೇ ಪದ ಇದ್ದವು. ಉಳಿದದ್ದನ್ನು ಪ್ರೋಗ್ರಾಂ ಬರೆದವರು ತಮಗೆ ಸಿಕ್ಕ ಪುಸ್ತಕದಿಂದ ತುಂಬಿಕೊಂಡಿರಬೇಕು. ಈ ಸಲ ಸೂತ್ರವನ್ನು ಪೂರ್ತಿ ಬರೆದು, ಸಣ್ಣ ಸಂಖ್ಯೆಯನ್ನು ಸಂಘದ ಆದೇಶದಿಂದ ನಕಲು ಮಾಡಿ, ಎಷ್ಟನೆಯ ದಶಮಾಂಶಕ್ಕೆ ಹೇಗೆ ನಿಲ್ಲಿಸಬೇಕೆಂದು ಹೇಳಿ, ಕೆಳಗೆ ಐದು ಉದಾಹರಣೆಗಳನ್ನು ಉತ್ತರದ ಸಮೇತ ಕೊಟ್ಟೆ.

ಹತ್ತನೆಯ ಸಂಜೆ 6:40ಕ್ಕೆ ಕರೆಂಟು ಹೋಯಿತು. ಆ ಕ್ಷಣ ನೋಡಲು ಕಾದಿದ್ದೆ. ಯಾರೂ "ಅಯ್ಯೋ" ಎನ್ನಲಿಲ್ಲ. ಕಾರ್ಯದರ್ಶಿಗಳ ಕೈ ಕತ್ತಲಲ್ಲೇ ಮೇಜಿನ ಎಡ ಡ್ರಾಯರಿಗೆ ಹೋಗಿ ಉದ್ದ ಪುಸ್ತಕವನ್ನೂ ಪೆನ್ನನ್ನೂ ತೆಗೆಯಿತು. ಸಾಲಿನಲ್ಲಿದ್ದ ಮೂವರು ಮೊಬೈಲಿನ ಬೆಳಕು ಬಿಟ್ಟರು, ಮೂರೂ ಬೆಳಕು ಕೇಳದೆಯೇ ತೂಕದ ಯಂತ್ರದ ಕಡೆ ತಿರುಗಿದವು. ತೂಕದ ಯಂತ್ರಕ್ಕೆ ಬ್ಯಾಟರಿ ಇದೆ, ಫ್ಯಾಟಿನದಕ್ಕೆ ಇಲ್ಲ. ಕೆಲಸ ನಿಂತದ್ದು ಹತ್ತು ಸೆಕೆಂಡು. ಕರೆಂಟು ಬಂದ ಮೇಲೆ ಪುಸ್ತಕದ 31 ಸಾಲುಗಳನ್ನು ಇಬ್ಬರೂ ಕೂತು, ಒಬ್ಬರು ಓದಿ ಒಬ್ಬರು ಹೊಂದಿಸಿ, ಸರಿಮಾಡಿದರು.

ಅಲ್ಲಿ ನಡೆದದ್ದರಲ್ಲಿ ಮೂರು ಬಗೆಯ ವಾಕ್ಯಗಳು ಕಂಡವು. ಕರೆಂಟು ಹೋದಾಗ ಏನಾಗಬೇಕು. ಕರೆಂಟು ಇಲ್ಲದಿರುವಷ್ಟು ಹೊತ್ತು ಏನಾಗುತ್ತಿರಬೇಕು. ಬ್ಯಾಟರಿಯೂ ಮುಗಿದರೆ ಏನಾಗಬೇಕು. ರೋಲ್ಸ್‌ರಾಯ್ಸ್‌ನ ಎಂಜಿನಿಯರುಗಳು ವಿಮಾನದ ಎಂಜಿನ್ನುಗಳ ನಿಯಂತ್ರಣ ವ್ಯವಸ್ಥೆಗೆಂದು ಇಂಥ ಕೆಲವೇ ವಾಕ್ಯದ ಅಚ್ಚುಗಳನ್ನು ರೂಪಿಸಿ 2009ರಲ್ಲಿ ಪ್ರಕಟಿಸಿದರು. ಇಯರ್ಸ್ ಎಂದು ಅದರ ಹೆಸರು. ಇಂಗ್ಲಿಷಿನಲ್ಲಿ ಅದಕ್ಕೆ ವಾಕ್ಯದ ಮೊದಲಿಗೆ ಬೇರೆ ಬೇರೆ ಪದ ಇಡಬೇಕು. ಕನ್ನಡದಲ್ಲಿ ಕ್ರಿಯಾಪದದ ಬಾಲವೇ ಆ ಕೆಲಸ ಮಾಡಿಬಿಡುತ್ತದೆ: ಹೋದಾಗ, ಇರುವಷ್ಟು ಹೊತ್ತು, ಹೋದರೆ. ಇನ್ನು ಕಡ್ಡಾಯವನ್ನೂ ಸಲಹೆಯನ್ನೂ ಅನುಮತಿಯನ್ನೂ ಬೇರೆ ಬೇರೆ ಪದಗಳಿಂದ ತೋರಿಸಬೇಕೆಂದು ನಮ್ಮ ವೃತ್ತಿಯ ಮಾನಕಗಳು ಹೇಳುತ್ತವೆ. ನಮ್ಮ ಕಾನೂನಿನ ಕನ್ನಡ ಆ ದಾರಿಯನ್ನು ಮೊದಲೇ ಸವೆಸಿಟ್ಟಿದೆ. ಮಾಡತಕ್ಕದ್ದು ಎಂದರೆ ಕಡ್ಡಾಯ, ಮಾಡಬಹುದು ಎಂದರೆ ಅನುಮತಿ, ಮಾಡತಕ್ಕದ್ದಲ್ಲ ಎಂದರೆ ನಿಷೇಧ. ಅಧಿನಿಯಮಗಳ ಪುಟದಲ್ಲಿ ಒರಟಾಗಿ ಕಾಣುತ್ತಿದ್ದ ಆ ತಕ್ಕದ್ದು ನನ್ನ ಕಡತದಲ್ಲಿ ಕೂತಾಗ ಅದರ ಬಿಗಿ ನನಗೆ ಪ್ರಿಯವಾಯಿತು. ಅದಕ್ಕೇ ಈ ಸಲ ಎಸ್‌ಆರ್‌ಎಸ್ ಅನ್ನು ಮೊದಲು ಕನ್ನಡದಲ್ಲಿ ಬರೆದೆ, ಪ್ರೋಗ್ರಾಂ ಬರೆಯುವವರಿಗಾಗಿ ಆಮೇಲೆ ಇಂಗ್ಲಿಷಿಗೆ ತಂದೆ. ಬರೆದದ್ದನ್ನು ಯಾರ ಬಗ್ಗೆ ಬರೆದಿದೆಯೋ ಅವರಿಗೆ ಓದಿ ಹೇಳಲು ಬರಬೇಕಲ್ಲ.

ಇನ್ನೊಬ್ಬರ ಬಗ್ಗೆ ಹೇಳಬೇಕು. ಮೂರನೆಯ ಬೆಳಗು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದೇನೆ: "6:20. ಒಬ್ಬ ಅಜ್ಜಿ. ಕೈಯಲ್ಲಿ ಕ್ಯಾನಿಲ್ಲ. ಬಾಗಿಲ ಬಲಗಡೆಯ ಕಲ್ಲಿನ ಮೇಲೆ ಕೂತರು. 7ಕ್ಕೆ ಎದ್ದು ಹೋದರು." ನಾಲ್ಕನೆಯ ದಿನವೂ ಅದೇ ಹೊತ್ತು, ಅದೇ ಕಲ್ಲು. ಪಾಚಿಹಸಿರು ಸೀರೆ, ಹೆಗಲ ಮೇಲೆ ಕಂದು ಕಂಬಳಿ. ಹೋಗುವವರ ಕ್ಯಾನಿನ ಮುಚ್ಚಳ ಸಡಿಲವಿದ್ದರೆ ಕೂತಲ್ಲಿಂದಲೇ ಕೈ ಚಾಚಿ ಒತ್ತುತ್ತಿದ್ದರು. ಕ್ಯಾನು ಸರಿಸುವ ಆ ಸಾಲಿನಲ್ಲಿ ಅವರ ಎಡಪಾದವೂ ಸೇರಿತ್ತು. ಬೇರೆಯವರ ಕ್ಯಾನುಗಳನ್ನು ಒಂದೊಂದು ಗೇಣು ಮುಂದೆ ತಳ್ಳುತ್ತಿತ್ತು.

ಐದನೆಯ ದಿನ ಅವರೇ ಕೇಳಿದರು. "ಏನಪ್ಪ ಮಗ, ದಿನಾ ಬರ್ಕಂತೀಯ, ನಮ್ಮ ಹಾಲಿನ್ ಲೆಕ್ಕವಾ?"

"ಹೂಂ ಅಜ್ಜಿ. ನಿಮ್ಮ ಹಾಲಿಲ್ವಾ?"

"ಹಸ ಬತ್ತಿಸಿದೀನಿ. ಸಂಕ್ರಾಂತಿ ಹೊತ್ಗೆ ಕರ ಹಾಕ್ತದೆ. ನಂದು ನಲವತ್ತೇಳ್ನೇ ನಂಬ್ರು."

ಹಸುವಿಗೆ ಗಬ್ಬದ ಕಾಲ ಸುಮಾರು 280 ದಿನ. ಕರು ಹಾಕುವುದಕ್ಕೆ ಎರಡು ತಿಂಗಳ ಮೊದಲು ಹಾಲು ಕರೆಯುವುದನ್ನು ನಿಲ್ಲಿಸುತ್ತಾರೆ, ಕೆಚ್ಚಲಿಗೆ ವಿಶ್ರಾಂತಿ ಸಿಗಲೆಂದು. ಒಂದೇ ಹಸುವಿನ ಮನೆಯಾದರೆ ಆ ಎರಡು ತಿಂಗಳು ಪುಸ್ತಕದಲ್ಲಿ ಅವರ ಸಾಲು ಖಾಲಿ. ಹಳೆಯ ಊರಿನ ನನ್ನ ಪಟ್ಟಿಯಲ್ಲಿ, 30 ದಿನ ಹಾಲು ಹಾಕದ ಸದಸ್ಯರನ್ನು ನಿಷ್ಕ್ರಿಯ ಎಂದು ಗುರುತಿಸಿ ನಂಬರು ಮುಚ್ಚಬೇಕು ಎಂದಿತ್ತು. ಮೀಟಿಂಗಿನಲ್ಲಿ ಅದಕ್ಕೆ ಎಲ್ಲರೂ ತಲೆಯಾಡಿಸಿದ್ದರು. ಪಟ್ಟಿ ಚೊಕ್ಕಟವಾಗಿರುತ್ತದೆ ಎಂದು ನಾನೇ ಸೂಚಿಸಿದ್ದು. ಅಲ್ಲಿ ಎಷ್ಟು ಹಸುಗಳು ಬತ್ತಿದ್ದವು ಎಂದು ನಾನು ಕೇಳಿರಲಿಲ್ಲ.

ಈ ಸಲ 30 ತೆಗೆದು 60 ಎಂದು ಬರೆದೆ.

ಕೊನೆಯ ದಿನ ಸಂಜೆ, ಹಾಲು ಮುಗಿದ ಮೇಲೆ, ಡೈರಿಯ ಜಗುಲಿಯಲ್ಲಿ ಕೂತು ಕಡತವನ್ನು ಓದಿದೆ. ಒಟ್ಟು 64 ವಾಕ್ಯ. ಕಾರ್ಯದರ್ಶಿಗಳು, ಟೆಸ್ಟರ್, ಆಡಳಿತ ಮಂಡಳಿಯ ಇಬ್ಬರು, ಸಾಲಿನಲ್ಲಿದ್ದ ಏಳೆಂಟು ಜನ. ಒಂದೊಂದು ವಾಕ್ಯಕ್ಕೂ ನಿಲ್ಲುತ್ತಿದ್ದೆ. ಸ್ಯಾಂಪಲ್ ತೆಗೆಯುವ ಮೊದಲು ಹಾಲನ್ನು "ಕಲಕಿ" ಎಂದು ನಾನು ಬರೆದದ್ದನ್ನು ಟೆಸ್ಟರ್ ತಡೆದ. "ಕಲಕೋದಲ್ಲ ಸಾರ್, ಮೇಲೆ ಕೆಳಗೆ ಮಾಡೋದು. ಗಿರ್ರಂತ ತಿರುಗ್ಸಿದ್ರೆ ಬೆಣ್ಣೆ ಕಟ್ತದೆ." ಪದ ಬದಲಾಯಿಸಿದೆ. ಬೋರಲು ಮುಚ್ಚಳದ ವಾಕ್ಯ ಬಂದಾಗ ಜಗುಲಿಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಬೀಡಿ ಸೇದುತ್ತಿದ್ದ ಒಬ್ಬರು ನೆಲ ನೋಡುತ್ತ "ಹೂಂ, ಹಂಗೇ ಇರ್ಲಿ" ಎಂದರು.

29ನೆಯ ವಾಕ್ಯ ಓದಿದೆ: 60 ದಿನ ಹಾಲು ಹಾಕದ ಸದಸ್ಯರ ನಂಬರನ್ನು ಮುಚ್ಚತಕ್ಕದ್ದು.

"ಅರವತ್ತು ಸಾಲಲ್ಲ ಮಗ" ಎಂದರು ಅಜ್ಜಿ, ಕಂಬಳಿಯೊಳಗಿಂದ. "ಕರ ಹಾಕಿದ್ ಮೇಲೆ ಗಿಣ್ಣು ಹಾಲು ಡೈರೀಗ್ ಹಾಕಂಗಿಲ್ಲ. ಅದು ಕರೀನ್ದು. ಅದ್ನೂ ಸೇರ್ಸು."

ಐದಾರು ದಿನ ಸೇರಿಸಲು ಪೆನ್ನು ತೆಗೆದೆ. ಅಷ್ಟರಲ್ಲಿ ಪಕ್ಕದವರು, ಹಸು ಕಂದು ಹಾಕಿದರೆ ಎಂದರು. ಇನ್ನೊಬ್ಬರು, ಹಸು ಸತ್ತು ಹೊಸದು ಕೊಳ್ಳಲು ದುಡ್ಡು ಕೂಡಬೇಕಾದರೆ ಎಂದರು. ಹಿಂದಿನ ಬರಗಾಲದಲ್ಲಿ ಮೇವಿಲ್ಲದೆ ಹಸು ಮಾರಿ, ಒಂದು ವರ್ಷದ ಮೇಲೆ ಕರು ಕಟ್ಟಿದ ಮನೆಯೊಂದರ ಮಾತು ಬಂತು. ಅವರ ನಂಬರು ಆಗಲೂ ಅವರದೇ ಇತ್ತು, ಪುಸ್ತಕದಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ ಎಂದು ಕಾರ್ಯದರ್ಶಿಗಳು ಹೇಳಿದರು. ಎಲ್ಲರೂ ಸುಮ್ಮನಾದ ಮೇಲೆ ಹುಣಸೆಮರದಲ್ಲಿ ಹಾಲಕ್ಕಿ ರಾತ್ರಿಯ ಮೊದಲ ಕೂಗು ಕೂಗಿತು.

ನಾನು 60ನ್ನು ಹೊಡೆದು ಹಾಕಿದೆ, ಅದರ ಜಾಗದಲ್ಲಿ ಬೇರೆ ಸಂಖ್ಯೆ ಬರೆಯಲಿಲ್ಲ. 29ನೆಯ ವಾಕ್ಯ ಈಗ ಹೀಗಿದೆ: ಆಡಳಿತ ಮಂಡಳಿಯ ನಿರ್ಣಯವಿಲ್ಲದೆ ಯಾವ ಸದಸ್ಯರ ನಂಬರನ್ನೂ ಸಾಫ್ಟ್‌ವೇರ್ ತಾನಾಗಿ ಮುಚ್ಚತಕ್ಕದ್ದಲ್ಲ.